ಸಂಪಾದಕರ ಉತ್ತರ: ಧ್ಯಾನವೂ ಬಿಳಿ ರಕ್ತಕಣಗಳೂ

ಮಾನ್ಯರೇ,

ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ ನಿಮ್ಮ ಅಕ್ಕ ದಿನವೂ ತಪ್ಪದೆ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಉಸಿರು, ಅನುಭವಗಳನ್ನು ಸುಮ್ಮನೆ ಗಮನಿಸುವ) ಧ್ಯಾನ ಮಾಡುತ್ತಿದ್ದರೂ ಅವರ ಬಿಳಿ ರಕ್ತಕಣಗಳು ಇಳಿದಿವೆಯೆಂದೂ, ಮನಸ್ಸಿಟ್ಟು ಮಾಡಿದ್ದರೆ ಹೀಗಾಗುತ್ತಿರಲಿಲ್ಲವೆಂದು ಬಂಧುಗಳು ಆಡಿಕೊಳ್ಳುತ್ತಿದ್ದಾರೆಂದೂ ಬರೆದಿದ್ದೀರಿ. ಧ್ಯಾನದಿಂದ ರೋಗನಿರೋಧಕ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ.

ಮೊದಲು ಬಂಧುಗಳ ಮಾತು. ಅದು ತಪ್ಪು, ಕ್ರೂರವೂ ಹೌದು. ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳಿಗೆ ಕೀಮೋ ಔಷಧಗಳ ಪೆಟ್ಟು ಬೀಳುತ್ತದೆ. ಅಸ್ಥಿಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಕೋಶಗಳೂ ಅಂಥವೇ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಆಯುಸ್ಸೇ ಅಲ್ಪವಾದ್ದರಿಂದ, ಹೊಸವು ಸಾಕಷ್ಟು ಬಾರದಿದ್ದಾಗ ಅವುಗಳ ಸಂಖ್ಯೆ ಕುಸಿದು, ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ತಳ ಮುಟ್ಟುತ್ತದೆ. ಇದಕ್ಕೂ ನಿಮ್ಮ ಅಕ್ಕನ ಏಕಾಗ್ರತೆಗೂ ಸಂಬಂಧ ಕಲ್ಪಿಸುವುದು ಅನ್ಯಾಯ.

ಇನ್ನು ನಿಮ್ಮ ಪ್ರಶ್ನೆ. ದೀರ್ಘಕಾಲದ ಒತ್ತಡವು ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳ ಮೂಲಕ ರೋಗನಿರೋಧಕ ಕೋಶಗಳ ಕೆಲಸವನ್ನು ಏರುಪೇರು ಮಾಡಬಲ್ಲದಾದ್ದರಿಂದ, ಒತ್ತಡ ತಗ್ಗಿದರೆ ಅವು ಚೇತರಿಸಿಕೊಳ್ಳಬಹುದೆಂಬ ಊಹೆ ಅಸಂಬದ್ಧವೇನಲ್ಲ. ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ 8 ವಾರಗಳ ಮೈಂಡ್‌ಫುಲ್‌ನೆಸ್ ಅಭ್ಯಾಸಕ್ರಮದ ಮಾದರಿಯನ್ನು, ಕೆನಡಾದ ಕ್ಯಾಲ್ಗರಿಯಲ್ಲಿ ಲಿಂಡಾ ಕಾರ್ಲ್‌ಸನ್ ಮತ್ತು ಸಂಗಡಿಗರು ಸ್ತನ ಹಾಗೂ ಪ್ರಾಸ್ಟೇಟ್ ಕ್ಯಾನ್ಸರ್ ಆದವರಿಗೆ ಕಲಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ನಿದ್ರೆ ಸುಧಾರಿಸಿತ್ತು, ಒತ್ತಡದ ಲಕ್ಷಣಗಳು ತಗ್ಗಿದ್ದವು, ರೋಗನಿರೋಧಕ ಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಸೈಟೋಕೈನ್ ಎಂಬ ಪ್ರೋಟೀನುಗಳಲ್ಲಿ ಕೆಲವದರ ಉತ್ಪತ್ತಿ ಬದಲಾಗಿತ್ತು. ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣಗಳ ಒಟ್ಟು ಸಂಖ್ಯೆ ಮಾತ್ರ ಬದಲಾಗಿರಲಿಲ್ಲ. ಹೋಲಿಸಿ ನೋಡಲು ಧ್ಯಾನ ಮಾಡದವರ ಗುಂಪೂ ಅಲ್ಲಿರಲಿಲ್ಲ. 2008ರ ಇನ್ನೊಂದು ಅಧ್ಯಯನದಲ್ಲಿ, ಆರಂಭಿಕ ಹಂತದ ಸ್ತನ ಕ್ಯಾನ್ಸರಿದ್ದ ಮಹಿಳೆಯರ ಪೈಕಿ ಧ್ಯಾನ ಕಲಿತವರಲ್ಲಿ, ಕೆಟ್ಟ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ಕಣಗಳ ಚಟುವಟಿಕೆ ಮೊದಲಿನ ಮಟ್ಟಕ್ಕೆ ಮರಳಿತು. ಆದರೆ ಯಾರು ಕಲಿಯಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಇಷ್ಟಪಟ್ಟವರು ಕಲಿತಿದ್ದರು. ಹಾಗೆ ತಾವಾಗಿ ಮುಂದೆ ಬರುವವರು ಬೇರೆ ಹಲವು ವಿಷಯಗಳಲ್ಲೂ ಉಳಿದವರಿಗಿಂತ ಭಿನ್ನರಾಗಿರಬಹುದು. (ತಲೆಬರಹ ಬರೆಯುವವರಿಗೆ ಈ ಸೂಕ್ಷ್ಮಗಳು ಅಷ್ಟಾಗಿ ರುಚಿಸುವುದಿಲ್ಲ.) ಪ್ರಯೋಗಾಲಯದಲ್ಲಿ ಕೋಶ ಚುರುಕಾಗಿ ಕಂಡಿತೆಂದ ಮಾತ್ರಕ್ಕೆ ಗೆಡ್ಡೆ ಕುಗ್ಗಿತೆಂದೋ ಆಯುಸ್ಸು ಹೆಚ್ಚಿತೆಂದೋ ಹೇಳಲಾಗದು.

ಹಾಗೆಂದು ಅಕ್ಕ ಧ್ಯಾನ ಬಿಡಬೇಕಿಲ್ಲ. ಕ್ಯಾನ್ಸರ್ ರೋಗಿಗಳ ಆತಂಕ, ಖಿನ್ನತೆಗಳಿಗೆ ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು ಕ್ಯಾನ್ಸರ್ ತಜ್ಞರ ಸಂಘವಾದ ಅಮೆರಿಕನ್ ಸೊಸೈಟಿ ಆಫ್ ಕ್ಲಿನಿಕಲ್ ಆಂಕಾಲಜಿಯು 2023ರ ಜಂಟಿ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ರಕ್ತದ ವರದಿಗಾಗಿ ಅಲ್ಲ, ಮನಸ್ಸಿಗಾಗಿ. ಶಸ್ತ್ರಚಿಕಿತ್ಸೆ ಆಗಿದ್ದು, ಉಸಿರನ್ನು ಗಮನಿಸುವಾಗಲೆಲ್ಲ ಎದೆಯ ಗಾಯ ಸೆಳೆದಂತಾಗಿ ಮನಸ್ಸು ಅತ್ತಲೇ ಓಡುತ್ತಿದ್ದರೆ, ಗಮನವನ್ನು ನೆಲಕ್ಕೂರಿದ ಅಂಗಾಲಿಗೋ ಸುತ್ತಲಿನ ಸದ್ದಿಗೋ ಸರಿಸಲಿ. ಸುಸ್ತಾದ ದಿನ ಮಲಗಿಯೇ ಮಾಡಲಿ. ನಡುವೆ ನಿದ್ದೆ ಹತ್ತಿದರೆ ಅದೂ ಲಾಭವೇ.

ಬಿಳಿ ಕಣಗಳನ್ನು ಏರಿಸಲು ವೈದ್ಯರು ಚುಚ್ಚುಮದ್ದು ಬರೆದಿದ್ದರೆ ಅದನ್ನು ತಪ್ಪಿಸಕೂಡದು. ಕಣಗಳು ಇಳಿದಿರುವ ಈ ದಿನಗಳಲ್ಲಿ ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆ ಮಾಡಿ. ತಾವಾಗಿಯೇ ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವುದು ಬೇಡ. ಜ್ವರ ಮರೆಯಾದರೂ ಸೋಂಕು ಒಳಗೊಳಗೇ ಬೆಳೆಯುತ್ತಿರಬಹುದು.

– ಸಂಪಾದಕ