ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಮುಂದಿನ ಬ್ರೇಕ್ ಹಿಡಿಯಬೇಕಾ, ಹಿಂದಿನದ್ದು ಸಾಕಾ?

ಪೆಟ್ರೋಲ್ ಗಾಡಿ ಕೊಟ್ಟು ಎಲೆಕ್ಟ್ರಿಕ್ ತಗೊಂಡಿದ್ದೀರಿ. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತೆ ಅನ್ನೋ ಭಯಕ್ಕೆ ಎಡಗೈ ಲಿವರ್ ಒಂದನ್ನೇ ಬಳಸುತ್ತಿದ್ದೀರಿ. ಆಕ್ಸಿಲರೇಟರ್ ಬಿಟ್ಟಾಗ ಮೋಟರೇ ಗಾಡಿಯನ್ನು ನಿಧಾನ ಮಾಡುವ ರೀಜೆನ್ ಬೇರೆ ಇದೆಯಲ್ಲ, ಅಷ್ಟು ಸಾಲದೇ ಅಂತ ಕೇಳಿದ್ದೀರಿ. ಸಾಲದು. ಒಣ ಟಾರು ರಸ್ತೆಯಲ್ಲಿ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ.

ಬ್ರೇಕ್ ಬಿದ್ದ ಕೂಡಲೇ ಭಾರವೆಲ್ಲ ಮುಂದಕ್ಕೆ ವಾಲಿ ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಟೈರನ್ನು ಎಷ್ಟು ಜೋರಾಗಿ ಹಿಡಿದರೂ ಅದು ಲಾಕ್ ಆಗಿ ಜಾರುತ್ತದೆಯೇ ಹೊರತು ಗಾಡಿ ಬೇಗ ನಿಲ್ಲುವುದಿಲ್ಲ. ಲೆಕ್ಕ ಹಾಕಿ ನೋಡಿ: ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೆ ಸುಮಾರು 10 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದು ಮಾತ್ರವಾದರೆ 20 ಮೀಟರ್ ಬೇಕು. 60ರಲ್ಲಿ ಇದೇ 23 ಮತ್ತು 46 ಆಗುತ್ತದೆ. ಎದುರಿಗೆ ನಾಯಿ ಬಂದಿದ್ದನ್ನು ಕಂಡು ಕೈ ಲಿವರಿಗೆ ಹೋಗುವ ಒಂದು ಸೆಕೆಂಡಿನಲ್ಲಿ 40ರಲ್ಲಿದ್ದ ಗಾಡಿ 11 ಮೀಟರ್ ದಾಟಿರುತ್ತದೆ, ಅದು ಬೇರೆ.

ನಿಮ್ಮ ಗಾಡಿಯಲ್ಲಿ ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿರುವ ಕಂಬೈನ್ಡ್ ಬ್ರೇಕಿಂಗ್ ಸಿಸ್ಟಮ್) ಇದ್ದರೆ ಎಡ ಲಿವರ್ ಎಳೆದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಸ್ವಲ್ಪ ಅಷ್ಟೇ. ಪೂರ್ತಿ ಬೇಕೆಂದರೆ ಬಲ ಲಿವರ್ ಎಳೆಯಲೇಬೇಕು.

ಮುಂದಿನ ಬ್ರೇಕಿನಿಂದ ಬಿದ್ದವರಲ್ಲಿ ಬಹುಪಾಲು ಜನ ಲಿವರನ್ನು ಥಟ್ಟನೆ ಕಿತ್ತು ಹಿಡಿದಿರುತ್ತಾರೆ, ಇಲ್ಲವೇ ಹ್ಯಾಂಡಲ್ ತಿರುಗಿಸಿಕೊಂಡೇ ಹಿಡಿದಿರುತ್ತಾರೆ. ನಿಂಬೆಹಣ್ಣು ಹಿಂಡುವ ಹಾಗೆ ಹಿಡಿಯಿರಿ. ಮೊದಲು ಮೆಲ್ಲಗೆ ಒತ್ತಿ. ಅರ್ಧ ಸೆಕೆಂಡಿನಲ್ಲಿ ಮುಂದಿನ ಸಸ್ಪೆನ್ಷನ್ ಕೆಳಗಿಳಿದದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಬಿಗಿ ಹೆಚ್ಚಿಸುತ್ತಾ ಹೋಗಿ. ಹಿಂದಿನದನ್ನು ಜೊತೆಯಲ್ಲೇ ಹಿಡಿಯಿರಿ, ಒಂದು ಹದದಲ್ಲಿ. ಹ್ಯಾಂಡಲ್ ನೇರ, ಕಣ್ಣು ದೂರಕ್ಕೆ. ಮುಂದಿನ ಚಕ್ರ ಲಾಕ್ ಆಯಿತೆನಿಸಿದರೆ ತಕ್ಷಣ ಬಿಟ್ಟು ಮತ್ತೆ ಮೆಲ್ಲಗೆ ಹಿಡಿಯಿರಿ. ಹಿಂದಿನದು ಜಾರಿದರೆ ಹ್ಯಾಂಡಲ್ ನೇರವಾಗಿಟ್ಟು ಆ ಲಿವರ್ ಸಡಿಲಿಸಿ. ಪಾರ್ಕಿಂಗಿನಲ್ಲಿ ಹ್ಯಾಂಡಲ್ ತಿರುಗಿಸಿ ನಿಧಾನಕ್ಕೆ ಹೋಗುವಾಗ, ಮರಳು ಅಥವಾ ಜಲ್ಲಿ ಮೇಲೆ ಹೋಗುವಾಗ ಮಾತ್ರ ಮುಂದಿನದನ್ನು ಮುಟ್ಟದೆ ಹಿಂದಿನದರಲ್ಲೇ ನಿಭಾಯಿಸಿ.

ಎಲೆಕ್ಟ್ರಿಕ್ ಗಾಡಿಗೆ ಹೊಸಬರು ಎಡವುವುದು ಇನ್ನೊಂದು ಕಡೆ. ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಎರಡೂ ಬಲಗೈಯಲ್ಲೇ. ಗಾಬರಿಯಲ್ಲಿ ಐದೂ ಬೆರಳು ಬಿಗಿದರೆ ಆಕ್ಸಿಲರೇಟರೂ ತಿರುಗುತ್ತದೆ, ಮೋಟರಿನ ಟಾರ್ಕ್ (ಚಕ್ರ ತಿರುಗಿಸುವ ಬಲ) ಸೊನ್ನೆ ವೇಗದಲ್ಲೇ ಪೂರ್ತಿ ಬರುತ್ತದೆ. ಎರಡು ಬೆರಳು ಸದಾ ಲಿವರ್ ಮೇಲಿರಲಿ, ಮಣಿಕಟ್ಟು ಕೆಳಗೆ ಬಾಗದಿರಲಿ. ಲಿವರ್ ಎಳೆದಾಗ ಮೋಟರಿಗೆ ಕರೆಂಟ್ ನಿಲ್ಲಿಸುವ ಸ್ವಿಚ್ ಒಳಗಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಲೈಟ್ ಹತ್ತಿಸುವುದೂ ಅದೇ ಸ್ವಿಚ್. ಹಾಗಾಗಿ ಒಂದು ಲಿವರ್ ಎಳೆದಾಗ ಹಿಂದಿನ ದೀಪ ಹತ್ತದಿದ್ದರೆ ಬಲ್ಬ್ ಹೋಗಿದೆ ಅಂತ ಸುಮ್ಮನಾಗಬೇಡಿ, ಸ್ವಿಚ್ ನೋಡಿಸಿ.

ರೀಜೆನ್ ವಿಷಯಕ್ಕೆ ಬರೋಣ. ಆಕ್ಸಿಲರೇಟರ್ ಬಿಟ್ಟಾಗ ಮೋಟರ್ ಜನರೇಟರಿನಂತೆ ತಿರುಗಿ ಗಾಡಿಯನ್ನು ಎಳೆದು ಹಿಡಿಯುತ್ತದೆ, ಆದರೆ ಹಿಂದಿನ ಚಕ್ರವನ್ನು ಮಾತ್ರ. ನಡಿಗೆಯ ವೇಗಕ್ಕೆ ಇಳಿದಾಗ ಅದು ಬಹುತೇಕ ಇರುವುದೇ ಇಲ್ಲ. ಬ್ಯಾಟರಿ 100 ತೋರಿಸುತ್ತಿದ್ದರೆ ಕರೆಂಟ್ ಹೋಗಲು ಜಾಗವಿಲ್ಲದೆ ರೀಜೆನ್ ಕಡಿಮೆಯಾಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ. ಆಗುಂಬೆಯಲ್ಲೋ ಮಡಿಕೇರಿಯಲ್ಲೋ ರಾತ್ರಿ ಫುಲ್ ಚಾರ್ಜ್ ಮಾಡಿ ಬೆಳಿಗ್ಗೆ ಘಾಟಿ ಇಳಿಯುವವರು ಇದನ್ನು ಮರೆಯಲೇಬಾರದು. ನಿನ್ನೆ ಹತ್ತುವ ದಾರಿಯ ಸಣ್ಣಪುಟ್ಟ ಇಳಿಜಾರಿನಲ್ಲಿ ಹಿಡಿಯುತ್ತಿದ್ದ ಗಾಡಿ ಇವತ್ತು ಮೊದಲ ತಿರುವಿನಲ್ಲೇ ಓಡಿಬಿಡುತ್ತದೆ. ಘಾಟಿ ಇಳಿಯುವುದಿದ್ದರೆ 80–85ಕ್ಕೆ ಚಾರ್ಜ್ ನಿಲ್ಲಿಸಿ. ಇಳಿಯುವಾಗ ಗಾಡಿ ಆಫ್ ಮಾಡಬೇಡಿ, ಮಾಡಿದರೆ ರೀಜೆನ್ ಜೊತೆ ಲೈಟೂ ಹೋಗುತ್ತದೆ. ಲಿವರನ್ನು ಉದ್ದಕ್ಕೂ ಎಳೆದಿಟ್ಟುಕೊಂಡು ಇಳಿಯುವುದೂ ಬೇಡ. ತಿರುವಿಗೆ ಮುಂಚೆ ಎರಡೂ ಹಿಡಿದು ವೇಗ ಇಳಿಸಿ, ಬಿಟ್ಟು, ತಿರುಗಿ. ಸುಟ್ಟ ವಾಸನೆ ಬಂದರೆ ಅಥವಾ ಲಿವರ್ ಮೆತ್ತಗಾದರೆ ಪಕ್ಕಕ್ಕೆ ಹಾಕಿ ಕಾಲು ಗಂಟೆ ಬಿಡಿ. ಕಾದ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ರೀಜೆನ್‌ನಲ್ಲಿ ಬ್ರೇಕ್ ಲೈಟ್ ಎಲ್ಲ ಗಾಡಿಗಳಲ್ಲೂ ಹತ್ತುವುದಿಲ್ಲ. ಹಿಂದೆ ಟೆಂಪೋ ಅಂಟಿಕೊಂಡು ಬರುತ್ತಿದ್ದರೆ ಲಿವರನ್ನು ಸುಮ್ಮನೆ ಮುಟ್ಟಿ ದೀಪ ತೋರಿಸಿ.

ಮಳೆಯಲ್ಲಿ ಅಂತರ ದುಪ್ಪಟ್ಟು ಬಿಡಿ. ಮೊದಲ ಮಳೆಗೆ ರಸ್ತೆಯ ಎಣ್ಣೆಯೆಲ್ಲ ಮೇಲೇಳುತ್ತದೆ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಗೆ ಹಾಸಿದ ಕಬ್ಬಿಣದ ಹಲಗೆ, ಬೆಂಗಳೂರಿನಲ್ಲಾದರೆ ಏಪ್ರಿಲ್–ಮೇನಲ್ಲಿ ಉದುರಿ ಒದ್ದೆಯಾದ ಗುಲ್‌ಮೊಹರ್ ಹೂವು: ಇವುಗಳ ಮೇಲೆ ಯಾವ ಬ್ರೇಕೂ ಬೇಡ, ಮುಂಚೆಯೇ ವೇಗ ಇಳಿಸಿ ದಾಟಿ. ರೀಜೆನ್ ಹೆಚ್ಚು ಕಡಿಮೆ ಮಾಡುವ ಆಯ್ಕೆ ಇದ್ದರೆ ಕಡಿಮೆಗೆ ಇಡಿ, ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಫಕ್ಕನೆ ಬಿಟ್ಟರೆ ಹಿಂದಿನ ಚಕ್ರ ಪಕ್ಕಕ್ಕೆ ಸರಿಯಬಹುದು. ಗಾಡಿ ತೊಳೆಸಿದ ಮೇಲೆ ಮೊದಲ ನೂರಿನ್ನೂರು ಮೀಟರ್ ಬ್ರೇಕನ್ನು ಹಗುರಾಗಿ ಮುಟ್ಟುತ್ತಾ ಹೋಗಿ, ಡಿಸ್ಕ್ ಒಣಗಲಿ.

ಅಭ್ಯಾಸಕ್ಕೆ ಖಾಲಿ ಮೈದಾನದ ಗಟ್ಟಿ ನೆಲ ಅಥವಾ ಬಡಾವಣೆಯ ಓಡಾಟವಿಲ್ಲದ ರಸ್ತೆ ಸಾಕು. 20 ಕಿ.ಮೀ. ವೇಗದಲ್ಲಿ ಮುಂದಿನದು ಮಾತ್ರ ಹಿಡಿದು ನಿಲ್ಲಿಸಿ, ಆಮೇಲೆ ಹಿಂದಿನದು ಮಾತ್ರ, ಆಮೇಲೆ ಎರಡೂ. ಪ್ರತಿ ಸಲ ನಿಂತ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಧೈರ್ಯ ಬಂದ ಮೇಲೆ 30, 40. ಡಬಲ್ಸ್ ಹೋಗುವಾಗ ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ಹಿಂದಿನ ಬ್ರೇಕ್ ಸ್ವಲ್ಪ ಜಾಸ್ತಿ ಕೆಲಸ ಮಾಡುತ್ತದೆ. ಅಷ್ಟಾದರೂ ನಿಲ್ಲುವ ದೂರ ಹೆಚ್ಚೇ ಅಂತ ಇಟ್ಟುಕೊಳ್ಳಿ.

ರೀಜೆನ್ ಇರುವ ಗಾಡಿಯಲ್ಲಿ ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ, ಅದಕ್ಕೇ ಜನ ನೋಡುವುದನ್ನೇ ಬಿಡುತ್ತಾರೆ. ಪ್ಯಾಡ್ 2 ಮಿ.ಮೀ.ಗೆ ಬಂದರೆ ಬದಲಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಮುಚ್ಚಳದ ಮೇಲೆ ಬರೆದಿರುವ ಡಾಟ್ ಗ್ರೇಡನ್ನೇ ಹಾಕಿಸಿ. ಡ್ರಮ್ ಬ್ರೇಕ್ ಆದರೆ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲವಿರಬೇಕು, ತೀರಾ ಬಿಗಿ ಮಾಡಿಸಿದರೆ ಡ್ರಮ್ಮಿನ ಒಳಗಿನ ಬ್ರೇಕ್ ಶೂ ಉಜ್ಜಿ ಕಾಯುತ್ತದೆ, ರೇಂಜೂ ತಿನ್ನುತ್ತದೆ.