ಮಾಸ್ಕ್ ಬೇಡ ಎಂದ ಮೇಷ್ಟ್ರು

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ಸಲ ಬಂದದ್ದು ಹೆಂಡತಿ, ಒಬ್ಬರೇ. ಗಂಡ ನಿವೃತ್ತ ಕನ್ನಡ ಮೇಷ್ಟ್ರು. ಒಂದೂವರೆ ವರ್ಷದ ಹಿಂದೆ ಅವರಿಗೆ ಎಎಲ್‌ಎಸ್ ಇದೆ ಎಂದು ಗೊತ್ತಾಗಿತ್ತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಅದು. ಮೊದಲು ಬಲಗೈ ಸೋತಿತು, ಆಮೇಲೆ ಎಡಗೈ. ಕಾಲು ಇನ್ನೂ ಆಡುತ್ತಿತ್ತು. ದನಿ ಮೆತ್ತಗಾಗಿತ್ತು.

"ಡಾಕ್ಟ್ರು ಬೈಪ್ಯಾಪ್ ಮೆಷಿನ್ ಬರೆದಿದ್ದಾರೆ ಮೇಡಂ. ಇವರು ಮಾಸ್ಕ್ ಮುಖದ ಹತ್ರ ತರೋಕೂ ಬಿಡಲ್ಲ. ನೀವಾದ್ರೂ ಒಪ್ಪಿಸಿ." ಮುಖಕ್ಕೆ ಹಾಕುವ ಮಾಸ್ಕ್‌ನ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಯಂತ್ರ ಅದು.

ರಾತ್ರಿ ಹೇಗೆ ಕಳೆಯುತ್ತೀರಿ ಎಂದು ಕೇಳಿದೆ. ಮೇಷ್ಟ್ರು ಹಾಸಿಗೆ ಬಿಟ್ಟು ಎರಡು ತಿಂಗಳಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಆರಾಮ ಕುರ್ಚಿಯಲ್ಲೇ ಒರಗುತ್ತಿದ್ದರು. ಬೆಳಗ್ಗೆ ಎದ್ದರೆ ತಲೆನೋವು. ಪೇಪರ್ ಓದುತ್ತಲೇ ತೂಕಡಿಕೆ. ಚಿಂತೆ ಹಚ್ಚಿಕೊಂಡಿದ್ದಾರೆ ಅಂತ ಮನೆಯವರು ಅಂದುಕೊಂಡಿದ್ದರು. ಈಕೆ ಕುರ್ಚಿಯ ಪಕ್ಕ ಚಾಪೆ ಹಾಸಿ, ಸೆರಗಿನ ತುದಿಯನ್ನು ಗಂಡನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗುತ್ತಿದ್ದರು. ಅವರು ಕಾಲು ಆಡಿಸಿದರೆ ಇವರಿಗೆ ಎಚ್ಚರ. ಉಟ್ಟಿದ್ದ ಸೀರೆಯ ಸೆರಗು ತೋರಿಸಿದರು. ಗಂಟು ಹಾಕಿ ಹಾಕಿ ಅಂಚಿನ ನೂಲು ಬಿಟ್ಟುಕೊಂಡಿತ್ತು.

ಬೆಂಗಳೂರಿನಲ್ಲಿರುವ ಮಗ ಆಕ್ಸಿಜನ್ ಕಾನ್ಸಂಟ್ರೇಟರ್ ಕಳಿಸಿದ್ದ. ಪಕ್ಕದ ಮನೆಯವರು ನಿದ್ದೆ ಮಾತ್ರೆ ಕೊಡಿ ಎಂದಿದ್ದರು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಕುಲುಮೆ ನೋಡಿದ್ದೀರಲ್ವಾ? ಇವರ ಶ್ವಾಸಕೋಶದಲ್ಲಿ ದೋಷವಿಲ್ಲ, ತಿದಿ ಒತ್ತುವ ಕೈ ಸೋತಿದೆ. ಆ ಕೈ ಅಂದರೆ ಎದೆಗೂಡಿನ ಕೆಳಗಿರುವ ವಪೆ. ಮಲಗಿದಾಗ ಹೊಟ್ಟೆಯ ಭಾರ ಅದರ ಮೇಲೆ ಬೀಳುತ್ತದೆ, ಅದಕ್ಕೇ ಕುರ್ಚಿ ಬೇಕಾಗುತ್ತದೆ. ಉಸಿರಾಟ ಸಾಕಷ್ಟು ಆಳವಾಗಿ ಆಗದೆ ರಾತ್ರಿಯೆಲ್ಲ ಕಾರ್ಬನ್ ಡೈಆಕ್ಸೈಡ್ ಸೇರಿಕೊಳ್ಳುತ್ತದೆ, ಬೆಳಗಿನ ತಲೆನೋವು ಅದರದ್ದು. ಇಂಥವರಿಗೆ ಬರೀ ಆಕ್ಸಿಜನ್ ಕೊಟ್ಟರೆ ಅದು ಇನ್ನೂ ಜಾಸ್ತಿ ಆಗಬಹುದು. ನಿದ್ದೆ ಮಾತ್ರೆ ಇರುವ ಉಸಿರನ್ನೂ ಕುಗ್ಗಿಸಬಹುದು. ಡಾಕ್ಟರನ್ನು ಕೇಳದೆ ಎರಡನ್ನೂ ಮುಟ್ಟಬೇಡಿ ಎಂದೆ.

ಉಸಿರಿನ ಸಾಮರ್ಥ್ಯ ಅಳೆಯುವ ಊದುವ ಪರೀಕ್ಷೆಯಲ್ಲಿ ಮೇಷ್ಟ್ರಿಗೆ ಬಂದದ್ದು, ಇರಬೇಕಾದ್ದರ 46%. 50ಕ್ಕಿಂತ ಇಳಿದರೆ ಸಾಮಾನ್ಯವಾಗಿ ಬೈಪ್ಯಾಪ್ ಶುರುಮಾಡುತ್ತಾರೆ. ರಾತ್ರಿ ಹೀಗೆ ತೊಂದರೆ ಕಂಡರೆ ಅದಕ್ಕೂ ಮೊದಲೇ.

ಮುಂದಿನ ವಾರ ಮೇಷ್ಟ್ರು ಬಂದರು. ಹತ್ತು ನಿಮಿಷ ಅವರೊಬ್ಬರ ಜೊತೆ ಮಾತಾಡಬೇಕು ಎಂದೆ. ಹೆಂಡತಿ ಅನುಮಾನಿಸುತ್ತಲೇ ಎದ್ದು ಹೋದರು. ಮಾಸ್ಕ್ ಯಾಕೆ ಬೇಡ ಅಂತ ಯಾರಾದರೂ ನಿಮ್ಮನ್ನು ಕೇಳಿದ್ದಾರಾ ಸರ್ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ಪ್ರತಿ ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದರು: "ಅದು ಹಾಕಿದ್ರೆ... ನಾನು ಕೂಗಿದ್ದು ಅವಳಿಗೆ ಕೇಳಲ್ಲ. ತೆಗೆಯೋಣ ಅಂದ್ರೆ... ಕೈ ಏಳಲ್ಲ."

ಮನೆಯವರೆಲ್ಲ ಇದನ್ನು ಹಟ ಅಂದುಕೊಂಡಿದ್ದರು. ಬದುಕುವ ಆಸೆ ಹೋಗಿದೆ ಅಂತ ಮಗ ಅತ್ತಿದ್ದನಂತೆ. ಮೇಷ್ಟ್ರು ಹೇಳಿದ್ದು ಪೂರ್ತಿ ನ್ಯಾಯವಾದ ಭಯ. ಕೈ ಆಡದವರಿಗೆ ಮಾಸ್ಕ್ ಹಾಕುವಾಗ ಯಾರಾದರೂ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಹಾಗಾಗಿ ಮೊದಲು ಬೆಲ್ ವಿಚಾರ. ವೈರ್‌ಲೆಸ್ ಕಾಲಿಂಗ್ ಬೆಲ್‌ನ ಗುಂಡಿಯನ್ನು ಹಲಗೆಗೆ ಅಂಟಿಸಿ ಪಾದದ ಕೆಳಗೆ ಇಡಿ, ಶಬ್ದದ ಡಬ್ಬಿ ನಿಮ್ಮ ದಿಂಬಿನ ಹತ್ತಿರ ಇರಲಿ ಎಂದು ಹೆಂಡತಿಗೆ ಹೇಳಿದೆ. ಕಾಲಿನ ಶಕ್ತಿ ಕುಗ್ಗುತ್ತಿದೆ ಅನ್ನಿಸಿದ ದಿನವೇ ಬಂದು ಹೇಳಿ, ತಲೆಯಿಂದ ಒತ್ತುವಂಥದ್ದು ಹುಡುಕೋಣ ಎಂದೆ.

ಆಮೇಲೆ ಮಾಸ್ಕ್. ರಾತ್ರಿ ಶುರುಮಾಡಬೇಡಿ, ಹಗಲಲ್ಲಿ ಟಿವಿ ನೋಡುವಾಗ ಶುರುಮಾಡಿ. ಮೊದಲು ಪಟ್ಟಿ ಬಿಗಿಯದೆ ಸುಮ್ನೆ ಮುಖಕ್ಕೆ ಹಿಡಿಯಿರಿ, ಐದು ನಿಮಿಷ ಸಾಕು. "ತೆಗಿ" ಅಂತ ಅವರು ಸನ್ನೆ ಮಾಡಿದ ಕೂಡಲೇ ತೆಗೆಯಿರಿ, ಇನ್ನೊಂದು ನಿಮಿಷ ಇರಲಿ ಅನ್ನಬೇಡಿ. ಒಂದು ಸಲ ಮೋಸ ಹೋದರೆ ಅವರು ಮತ್ತೆ ನಂಬುವುದಿಲ್ಲ. ಮೂಗಿನ ಮೇಲೆ ಕೆಂಪು ಗಾಯವಾದರೆ ಅಳತೆ ಸರಿಯಿಲ್ಲ ಅಂತ ಅರ್ಥ, ಬೇರೆ ತರಿಸಿ. ಮೇಷ್ಟ್ರಿಗೆ ದಪ್ಪ ಮೀಸೆ. ಗಾಳಿ ಅಲ್ಲೇ ಸೋರುತ್ತಿತ್ತು. ಮೀಸೆ ತೆಗೆಸುವ ಮಾತಾಡಿದಾಗ ಅವರ ಮುಖ ಸಪ್ಪಗಾಯಿತು. ಬೇಡ, ದೊಡ್ಡ ಅಳತೆಯ ಮಾಸ್ಕ್ ನೋಡೋಣ ಎಂದೆ. ಸಿಕ್ಕಿತು.

ಇದರಿಂದ ಏನು ಸಿಗುತ್ತೆ ಅಂತ ಮೇಷ್ಟ್ರು ನೇರವಾಗಿ ಕೇಳಿದರು. ನೇರವಾಗಿಯೇ ಹೇಳಿದೆ. ಕಾಯಿಲೆ ನಿಲ್ಲುವುದಿಲ್ಲ. ಆದರೆ 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ನುಂಗುವ ಮತ್ತು ಮಾತಿನ ಸ್ನಾಯುಗಳು ಅಷ್ಟಾಗಿ ಸೋಲದವರಲ್ಲಿ ಬೈಪ್ಯಾಪ್ ಬಳಸಿದವರು ಸುಮಾರು 200 ದಿನ ಹೆಚ್ಚು ಬದುಕಿದ್ದರು. ಆ ದಿನಗಳು ಅವರಿಗೆ ಹೆಚ್ಚು ನೆಮ್ಮದಿಯವೂ ಆಗಿದ್ದವು. "ನಿದ್ದೆ ಬರತ್ತಾ?" ಎಂದರು. ಅವರಿಗೆ ಬೇಕಿದ್ದದ್ದು ಅದೇ.

ಕೆಮ್ಮು ಮತ್ತು ಕರೆಂಟಿನ ಮಾತೂ ಬಂತು. ಕೆಮ್ಮಲು ಬಲವಿಲ್ಲದಿದ್ದರೆ ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ಆಂಬು ಬ್ಯಾಗ್‌ನಿಂದ (ಕೈಯಿಂದ ಒತ್ತಿ ಗಾಳಿ ತುಂಬುವ ಚೀಲ) ಎರಡು ಮೂರು ಉಸಿರು ಒಂದರ ಮೇಲೊಂದು ತುಂಬಿಸಿ, ಅವರು ಕೆಮ್ಮುವಾಗ ಹೊಟ್ಟೆಯ ಮೇಲ್ಭಾಗ ಒತ್ತಿ ಕಫ ಹೊರತರುವುದನ್ನು ಫಿಸಿಯೋಥೆರಪಿಸ್ಟ್ ಹೆಂಡತಿಗೆ ಕಲಿಸಿದರು. ಅವರ ಊರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಬೆಳಗ್ಗೆಯೇ. ಮಗ ಕಾನ್ಸಂಟ್ರೇಟರ್ ವಾಪಸ್ ಮಾಡಿ ಬ್ಯಾಟರಿ ಕೊಡಿಸಿದ.

ಹೆಂಡತಿಗೆ ಬೇರೆಯಾಗಿ ಹೇಳಿದ್ದು ಒಂದೇ: ವಾರಕ್ಕೆ ಎರಡು ರಾತ್ರಿ ನೀವು ಬೇರೆ ಕೋಣೆಯಲ್ಲಿ ಮಲಗಬೇಕು. "ಅವರನ್ನ ಬಿಟ್ಟು ಹೇಗೆ ಮಲಗ್ಲಿ?" ಎಂದು ಅತ್ತರು. ತಂಗಿ ಬಂದು ನಿಲ್ಲಲು ಒಪ್ಪಿದ ಮೇಲೂ ಮೊದಲ ರಾತ್ರಿ ಬಾಗಿಲ ಹತ್ತಿರವೇ ಕೂತಿದ್ದರಂತೆ. ಎರಡನೇ ರಾತ್ರಿ ಬೆಳಗ್ಗೆ ಏಳೂವರೆವರೆಗೆ ನಿದ್ದೆ.

ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರ್ ಹಾಕುವ ಮಾತನ್ನು ಮೂರು ತಿಂಗಳ ನಂತರ ಎತ್ತಿದೆ. ಇದನ್ನು ಐಸಿಯು ಬಾಗಿಲಲ್ಲಿ ನಿಂತು ತೀರ್ಮಾನಿಸುವಂತಾಗಬಾರದು. ಒಮ್ಮೆ ನಳಿಕೆ ಗಂಟಲೊಳಗೆ ಹೋದರೆ ಈ ಕಾಯಿಲೆಯವರು ಅದರಿಂದ ಹೊರಬರುವುದು ತುಂಬಾ ಕಷ್ಟ. ಮನೆಯಲ್ಲಿ ಹಗಲೂ ರಾತ್ರಿ ಒಬ್ಬರು ಎಚ್ಚರವಿರಬೇಕು. ಹಾಗೆ ಬದುಕಲು ಒಪ್ಪುವವರೂ ಇದ್ದಾರೆ, ಅದೂ ಸರಿಯೇ. ಮೇಷ್ಟ್ರು ಬೇಡ ಎಂದರು. ಆಗ ಉಸಿರಾಟದ ಸಂಕಟಕ್ಕೆ ಸ್ವಲ್ಪ ಪ್ರಮಾಣದ ಮಾರ್ಫಿನ್ ಕೊಟ್ಟು ನೋಡಿಕೊಳ್ಳುವ ಡಾಕ್ಟರುಗಳಿದ್ದಾರೆ, ಉಸಿರುಕಟ್ಟಿ ನರಳಲು ಬಿಡುವುದಿಲ್ಲ ಎಂದು ಹೇಳಿದೆ. ಇದನ್ನು ಕೇಳಿ ಅವರ ಭುಜ ಇಳಿದದ್ದು ನನಗೆ ಕಂಡಿತು.

ಮುಂದೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿದೆ. 2023ರಲ್ಲಿ ನಿಯಮ ಸುಲಭವಾಯಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಮೇಷ್ಟ್ರು ಹೇಳಿದರು, ಹೆಂಡತಿ ಬರೆದರು. ಎರಡು ಕಡೆ ಒತ್ತಕ್ಷರ ತಪ್ಪಾಗಿತ್ತು, ತಿದ್ದಿಸಿದರು.

ಮಗ ಇನ್ನೂ ಒಪ್ಪಿಲ್ಲ. "ಅಪ್ಪನಿಗೆ ಏನೂ ಮಾಡದೆ ಬಿಟ್ಟೆ ಅಂತ ಆಗಲ್ವಾ?" ಎಂದು ಫೋನಿನಲ್ಲಿ ಕೇಳಿದ. ಬರುವ ಶನಿವಾರ ಊರಿಗೆ ಬರುತ್ತಿದ್ದಾನೆ. ಅವನನ್ನೂ ಮೊದಲು ಒಬ್ಬನೇ ಕೂರಿಸಿಕೊಂಡು ಕೇಳಬೇಕು.