ಹೆಸರಿನ ಪಟ್ಟಿ ಬಿಡಿ, ಗೈಲ್ ಬಗ್ಗೆ ಬರೆಯಿರಿ

ನಮಸ್ಕಾರ,

ಇಬ್ಬರು ಎದುರುಬದುರು ನಿಂತು ಹೊಡೆದಾಡುವ ವಿಡಿಯೋ ಗೇಮ್ ‘ಸ್ಟ್ರೀಟ್ ಫೈಟರ್’ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹಳೆಯ ಕ್ಯಾರೆಕ್ಟರ್‌ಗಳನ್ನು ಕೈಬಿಟ್ಟು ಅದನ್ನು ತಯಾರಿಸುವ ಕ್ಯಾಪ್ಕಾಮ್ ಕಂಪನಿ ಅಭಿಮಾನಿಗಳಿಗೆ ಮೋಸ ಮಾಡುತ್ತಿದೆ ಅನ್ನುವುದು ನಿಮ್ಮ ವಾದ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಹೆಸರು. ಯಾವ ಆಟದಲ್ಲಿ ಯಾರಿದ್ದರು, ಯಾವುದರಲ್ಲಿ ಇಲ್ಲ. ಆಟ ಗೊತ್ತಿದ್ದವರಿಗೆ ಇದು ಬೇಕಿಲ್ಲ, ಗೊತ್ತಿಲ್ಲದವರಿಗೆ ತಲೆಬುಡ ಅರ್ಥವಾಗುವುದಿಲ್ಲ. ತೆಗೆದುಬಿಡಿ.

ಮೂರನೇ ಪುಟದಲ್ಲಿ ನಿಮ್ಮ ಅಣ್ಣ ಬರುತ್ತಾರೆ. ಆಟದ ಹಳೆಯ ಕ್ಯಾರೆಕ್ಟರ್ ಗೈಲ್ ಬಿಟ್ಟು ಬೇರೆ ಯಾರನ್ನೂ ಮುಟ್ಟದವರು. ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದು, ಸ್ವಲ್ಪ ಕಾದು, ತಟ್ಟನೆ ಮುಂದಕ್ಕೆ ತಳ್ಳಿ ಪಂಚ್ ಬಟನ್ ಒತ್ತಿದರೆ ಸಾನಿಕ್ ಬೂಮ್, ಗೈಲ್ ದೂರದಿಂದಲೇ ಎಸೆಯುವ ಏಟು. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಅವರ ಕೈಗೇ ಗೊತ್ತು ಅಂತ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ! ಆದರೆ ಎರಡೇ ಸಾಲು ಬರೆದು ಮುಂದೆ ಓಡಿಬಿಟ್ಟಿದ್ದೀರಿ.

ಅಲ್ಲೇ ನಿಂತು ಯೋಚಿಸಿ. 1997ರ ‘ಸ್ಟ್ರೀಟ್ ಫೈಟರ್ 3’ರಲ್ಲಿ ರ್‍ಯೂ, ಕೆನ್ ಬಿಟ್ಟರೆ ಉಳಿದವರೆಲ್ಲ ಹೊಸಬರು. 1999ರಲ್ಲಿ ಅದೇ ಆಟದ ಮೂರನೇ ಆವೃತ್ತಿ ‘ಥರ್ಡ್ ಸ್ಟ್ರೈಕ್’ನಲ್ಲಿ ಹಳೆಯ ಚುನ್-ಲಿ ವಾಪಸ್ ಬಂದಳು. ಗೈಲ್ ಬರಲಿಲ್ಲ, ರೆಮಿ ಅನ್ನುವ ಹೊಸಬ ಬಂದ. ಅವನದೂ ಅದೇ ಹಿಡಿದು ತಳ್ಳುವ ಆಟ. ಹಾಗಾದರೆ ಅಭಿಮಾನಿ ಕಾಯುತ್ತಿರುವುದು ಯಾರಿಗೆ? ಗೈಲ್‌ನ ಆಟಕ್ಕೋ, ಗೈಲ್‌ಗೋ? 2017ರ ‘ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್: ಇನ್ಫಿನಿಟ್’ನಲ್ಲಿ ಹಿಂದೆ ಇದ್ದ ಮಾರ್ವೆಲ್ ಹೀರೋಗಳಾದ ಎಕ್ಸ್-ಮೆನ್ ಒಬ್ಬರೂ ಇಲ್ಲದಿದ್ದಾಗ ಇದೇ ಪ್ರಶ್ನೆ ಎದ್ದಿತು. ಅದೇ ತರಹ ಆಡುವ ಬೇರೆಯವರು ಇದ್ದಾರಲ್ಲ ಅನ್ನುವ ಸಮಜಾಯಿಷಿ ಬಂತು. ಜನ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನುವುದೇ ನಿಮ್ಮ ಲೇಖನ ಆಗಬೇಕು.

2018ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಅನ್ನುವ ನಿಂಟೆಂಡೊ ಆಟ ತನ್ನ ಹಳಬರನ್ನೆಲ್ಲ ವಾಪಸ್ ತಂದಿತು, ಕ್ಯಾಪ್ಕಾಮ್‌ಗೇನು ಕಷ್ಟ ಅಂತ ಕೇಳಿದ್ದೀರಿ. ಕಷ್ಟ ಇದೆ. 2023ರಲ್ಲಿ ‘ಸ್ಟ್ರೀಟ್ ಫೈಟರ್ 6’ 18 ಜನರೊಂದಿಗೆ ಬಂತು. ಒಬ್ಬೊಬ್ಬರಿಗೂ ಉಳಿದವರನ್ನು ಎದುರು ನಿಲ್ಲಿಸಿದರೆ 153 ಜೋಡಿ. ನೀವು ಕೇಳುವ ಹಾಗೆ 40 ಜನ ಆದರೆ 780. ಅಷ್ಟರಲ್ಲೂ ಯಾರೂ ಜಾಸ್ತಿ ಬಲಶಾಲಿ ಆಗದ ಹಾಗೆ ನೋಡಿಕೊಳ್ಳಬೇಕು, ಅಲ್ವಾ? ಇದನ್ನು ಹೇಳದೆ ‘ಮೋಸ’ ಅಂದರೆ ಓದುಗರು ನಂಬುವುದಿಲ್ಲ.

ಇನ್ನೊಂದು. ‘ಥರ್ಡ್ ಸ್ಟ್ರೈಕ್’ ಅನ್ನು ಸುಮ್ನೆ ಸೋತ ಆಟ ಅಂದುಬಿಟ್ಟಿದ್ದೀರಿ. 2004ರಲ್ಲಿ ಇಂಥ ಹೊಡೆದಾಟದ ಆಟಗಳ ಇವೋ ಪಂದ್ಯಾವಳಿಯಲ್ಲಿ, ಒಂದು ಏಟು ತಾಗಿದರೂ ಮುಗಿಯಿತು ಅನ್ನುವ ಸ್ಥಿತಿಯಲ್ಲಿ ಜಪಾನಿನ ಆಟಗಾರ ಡೈಗೊ ಉಮೆಹಾರ ಎದುರಾಳಿಯ ಸೂಪರ್ ದಾಳಿಯ ಏಟುಗಳನ್ನೆಲ್ಲ ಒಂದೊಂದಾಗಿ ತಡೆದು ಗೆದ್ದದ್ದು ಇದೇ ಆಟದಲ್ಲಿ. ಆದರೆ ಗಮನಿಸಿ, ಅವರ ಕೈಯಲ್ಲಿದ್ದದ್ದು ಕೆನ್, ಎದುರಿಗಿದ್ದದ್ದು ಚುನ್-ಲಿ. ಇಬ್ಬರೂ ಹಳಬರು. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ, ಅದನ್ನೇ ಬಿಟ್ಟಿದ್ದೀರಿ.

ಒಂದು ಕೆಲಸ ಮಾಡಿ. ಅಣ್ಣನ ಕೈಗೆ ರೆಮಿಯನ್ನು ಕೊಟ್ಟು ಒಂದು ಸಂಜೆ ಆಡಿಸಿ. ಅವರು ಎಲ್ಲಿ ತಡವರಿಸಿದರು, ಏನಂದರು, ಎಷ್ಟು ಹೊತ್ತಿಗೆ ಬೇಸರ ಬಂತು, ಅಥವಾ ಬರಲೇ ಇಲ್ಲವೋ, ಎಲ್ಲ ಬರೆದು ಕಳಿಸಿ.

ನಿಮ್ಮ,
ಸಂಪಾದಕ